ಗಟ್ಟಿಮೇಳದ ಉಸಿರು

ಎಕ್ಕಂಬಿಯ ವೆಂಕಟ್ರಮಣನ ಶಹನಾಯಿ ಇಲ್ಲದೆ ನಡೆದ ಮದುವೆಯನ್ನು ಮದುವೆಯೆಂದೇ ಒಪ್ಪದ ಜನ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಇದ್ದರು. ಹಾಗೆಂದು ಹೇಳಿಕೊಂಡು ತಿರುಗುತ್ತಿದ್ದವನು ಹೆಚ್ಚಾಗಿ ವೆಂಕಟ್ರಮಣನೇ. ಆದರೂ ಮಾತು ಪೂರ್ತಿ ಸುಳ್ಳೇನೂ ಅಲ್ಲ. ಅವನ ವಾಲಗದ ಮೇಳಕ್ಕೆ ವೀಳ್ಯ ಕೊಟ್ಟು ಬಂದ ಮೇಲೆಯೇ ಕೆಲವರು ಅಡಿಗೆಯವರನ್ನು ಹುಡುಕಲು ಹೊರಡುತ್ತಿದ್ದರು.

ವಾಲಗದವರ ಬಾಳು ವಿಚಿತ್ರ. ಬೆಳಗಿನಿಂದ ಚಪ್ಪರದ ಮೂಲೆಯಲ್ಲಿ ಕೂತು ಊದುತ್ತಲೇ ಇರಬೇಕು, ಕೇಳುವವರು ಮಾತ್ರ ಯಾರೂ ಇರುವುದಿಲ್ಲ. ಒಬ್ಬರು ಕುರ್ಚಿ ಎಳೆಯುತ್ತಾರೆ, ಇನ್ನೊಬ್ಬರು ಪಾನಕ ಎಲ್ಲಿದೆ ಎಂದು ಊದುತ್ತಿರುವವನನ್ನೇ ಕೇಳುತ್ತಾರೆ. ಆದರೆ ಮುಹೂರ್ತದ ಹೊತ್ತು ಬಂತೆಂದರೆ ಇಡೀ ಚಪ್ಪರ ಅವರ ಕೈಯಲ್ಲಿ. ಪುರೋಹಿತರು ಕೈಯೆತ್ತಿ "ಗಟ್ಟಿಮೇಳ, ಗಟ್ಟಿಮೇಳ" ಎಂದು ಕೂಗಿದೊಡನೆ ಡೋಲು, ಶಹನಾಯಿ, ತಾಳ ಮೂರೂ ಒಟ್ಟಿಗೆ ಏರಬೇಕು. ಮಾಂಗಲ್ಯ ಕಟ್ಟಿ ಮುಗಿಯುವತನಕ ಇಳಿಯಬಾರದು, ನಡುವೆ ಕಡಿಯಬಾರದು. ಕಡಿದರೆ ಹಿರಿಯ ಹೆಂಗಸರು ಮುಖ ಮುಖ ನೋಡಿಕೊಳ್ಳುತ್ತಾರೆ. ಆಮೇಲೆ ಆ ಗಂಡ ಹೆಂಡತಿಗೆ ನೆಗಡಿ ಬಂದರೂ ಊದಿದವನ ಹೆಸರು ಬರುತ್ತದೆ. ವೆಂಕಟ್ರಮಣನ ಗಟ್ಟಿಮೇಳ ಒಮ್ಮೆಯೂ ಕಡಿದಿರಲಿಲ್ಲ. ಅವನಿಗಿದ್ದ ಆಸ್ತಿ ಅದೊಂದೇ ಎಂದರೂ ನಡೆದೀತು.

ಗಟ್ಟಿಮೇಳ ಕಡಿದರೆ ಏನಾಗುತ್ತದೆ ಎಂಬುದು ಅವನ ಪಕ್ಕದಲ್ಲೇ ಕೂತು ತಾಳ ಹಾಕುತ್ತಿತ್ತು. ಅವನ ಚಿಕ್ಕಪ್ಪ ಹುಚ್ಚ. ಹೆಸರು ಹಾಗಿದ್ದರೂ ಮನೆತನದಲ್ಲಿ ಅವನಷ್ಟು ತೂಕದ ಮನುಷ್ಯ ಇನ್ನೊಬ್ಬನಿರಲಿಲ್ಲ. ವೆಂಕಟ್ರಮಣನಿಗೆ ಶಹನಾಯಿ ಕಲಿಸಿದವನೇ ಅವನು. ಬಹಳ ವರ್ಷಗಳ ಹಿಂದೆ ಅವನ ಪಿತ್ತಕೋಶದಲ್ಲಿ ಕಲ್ಲಾಗಿ, ದೊಡ್ಡ ಊರಿನ ಯಾವುದೋ ಆಸ್ಪತ್ರೆಯಲ್ಲಿ ಬಲಗಡೆಯ ಪಕ್ಕೆಲುಬಿನ ಕೆಳಗೆ ಗೇಣುದ್ದ ಕೊಯ್ದು ತೆಗೆದಿದ್ದರು. ಆಗ ಇದ್ದ ದಾರಿಯೇ ಅದು. ಜೀವ ಉಳಿಯಿತು. ಆದರೆ ಗಾಯ ಕೀವಾಗಿ, ಹೊಲಿಗೆ ಸಡಿಲಾಗಿ, ಮಾಗಿದ ಮೇಲೆ ಆ ಜಾಗದಲ್ಲಿ ಹೊಟ್ಟೆ ಬುಗುಟಿಯ ಹಾಗೆ ಹೊರಗೆ ಬರತೊಡಗಿತು. ಶಹನಾಯಿ ಊದುವವನಿಗೆ ಉಸಿರು ಗಂಟಲಿನಿಂದ ಬರುವುದಿಲ್ಲ, ಹೊಟ್ಟೆಯಿಂದ ಒತ್ತಿ ಬರಬೇಕು. ಒಂದು ಮದುವೆಯಲ್ಲಿ ಗಟ್ಟಿಮೇಳದ ನಡುವೆಯೇ ಹುಚ್ಚನ ಉಸಿರು ಕಡಿಯಿತು. ಅವನು ಶಹನಾಯಿಯನ್ನು ಅಣ್ಣನ ಮಗನ ಕೈಗಿತ್ತು ತಾಳ ಹಿಡಿದ. ಆಮೇಲೆ ಆ ವಿಷಯ ಬಾಯಿಗೆ ತರಲಿಲ್ಲ. ಹೇಳಿದ್ದು ಒಂದೇ ಮಾತು: "ತಮ್ಮಾ, ಏನಾದ್ರೂ ಮಾಡು, ಹೊಟ್ಟೆಗೆ ಕತ್ತಿ ಮಾತ್ರ ತಾಗಿಸ್ಕಬೇಡ."

ಎರಡು ಸಾವಿರನೇ ಇಸವಿಯ ವೈಶಾಖ. ಸಿದ್ದಾಪುರದ ಕಡೆ ಒಂದು ಮದುವೆ. ಹಿಂದಿನ ದಿನದ ಮದುವೆಯ ಹೋಳಿಗೆ ತುಪ್ಪ ಇನ್ನೂ ಹೊಟ್ಟೆಯಲ್ಲಿತ್ತು. ಪುರೋಹಿತರು ಕೈಯೆತ್ತಿದರು, ವೆಂಕಟ್ರಮಣ ಏರಿಸಿದ, ಅಷ್ಟರಲ್ಲಿ ಬಲಪಕ್ಕೆಯ ಕೆಳಗೆ ಯಾರೋ ಹಿಡಿದು ತಿರುವಿದಂತಾಯಿತು. ನೋವು ಬೆನ್ನಿಗೆ ಹೊಡೆಯಿತು, ಹೆಗಲಿಗೆ ಹತ್ತಿತು. ಮೈಯೆಲ್ಲ ಬೆವರು. ಆದರೂ ಬಿಡಲಿಲ್ಲ. ಮಾಂಗಲ್ಯ ಕಟ್ಟಿ ಅಕ್ಷತೆ ಬೀಳುವತನಕ ಊದಿ, ಆಮೇಲೆ ಶಹನಾಯಿ ಮಡಿಲಿಗೆ ಹಾಕಿಕೊಂಡು ಹಾಗೇ ಮಗುಚಿಕೊಂಡ. ಡೋಲಿನ ಬೀರ ಅವನನ್ನು ಎತ್ತಿಕೊಂಡು ಹೊರಗೆ ನಡೆದ. ಹುಚ್ಚ ಮಾತ್ರ ಕೂತಲ್ಲೇ ಕೂತಿದ್ದ. ಆ ನೋವು ಯಾವುದೆಂದು ಆ ಚಪ್ಪರದಲ್ಲಿ ಗೊತ್ತಿದ್ದವನು ಅವನೊಬ್ಬನೇ.

ಶಿರಸಿಯಲ್ಲಿ ಸ್ಕ್ಯಾನಿಂಗ್ ಆಯಿತು. ಪಿತ್ತಕೋಶದಲ್ಲಿ ಕಲ್ಲು ಇದೆ, ತೆಗೆಸಬೇಕು ಎಂದರು ಡಾಕ್ಟರು. ವೆಂಕಟ್ರಮಣನ ಕಿವಿಗೆ ಬಿದ್ದದ್ದು ಕಲ್ಲು ಎಂಬಷ್ಟೇ. ನಮ್ಮ ಕಡೆ ಕಲ್ಲು ಎಂದರೆ ಮುಗಿಯಿತು, ಅದು ಹೊಟ್ಟೆಯ ಯಾವ ಓಣಿಯಲ್ಲಿದೆ ಎಂದು ಯಾರೂ ಕೇಳುವುದಿಲ್ಲ, ಬಾಳೆದಿಂಡು ಕಡಿಯಲು ಹೊರಡುತ್ತಾರೆ. ಮೂತ್ರಪಿಂಡದ ಕಲ್ಲಿಗೆ ಜನ ಕುಡಿಯುವ ಮದ್ದನ್ನು ಇವನು ಪಿತ್ತಕೋಶದ ಕಲ್ಲಿಗೆ ಕುಡಿದ. ಮಳೆಗಾಲವಿಡೀ ಮನೆಯಲ್ಲಿ ದಿಂಡಿನ ಪಲ್ಯ, ದಿಂಡಿನ ಸಾಸಿವೆ, ದಿಂಡಿನ ರಸ, ಹುರುಳಿ ಕಟ್ಟಿನ ಸಾರು. ಹೆಂಡತಿ ನಾಗವೇಣಿ ಊರಿನವರ ಹಿತ್ತಲಿನ ಬಾಳೆಗೊನೆ ಕಡಿಯುವುದನ್ನೇ ಕಾದು ಕೂರುತ್ತಿದ್ದಳು. ಮಗಳು ಪರಿಮಳಾ ಹೈಸ್ಕೂಲು ಮುಗಿಸಿ ಶಿರಸಿಯಲ್ಲಿ ಕಾಲೇಜಿಗೆ ಹೋಗುತ್ತಿದ್ದವಳು, ಒಂದು ದಿನ ತಟ್ಟೆ ದೂಡಿದಳು.

"ಅಪ್ಪಾ, ಆ ಕಲ್ಲು ಇರೋದು ಬೇರೆ ಕಡೆ. ನೀ ಕುಡಿದದ್ದು ಅಲ್ಲಿಗೆ ಹೋಗೋದೇ ಇಲ್ಲ."

"ಹೊಟ್ಟೆ ಒಂದೇ ಅಲ್ಲನ? ಹುಡುಕ್ಕಂಡು ಹೋಗ್ತದೆ," ಎಂದ ವೆಂಕಟ್ರಮಣ.

ಹೋಗಲಿಲ್ಲ. ಮಾರ್ಗಶಿರದಲ್ಲಿ ಮದುವೆಗಳು ಶುರುವಾದೊಡನೆ ನೋವು ಮತ್ತೆ ಬಂತು, ಈ ಸಲ ವಾಂತಿ, ಚಳಿಜ್ವರದೊಂದಿಗೆ. ಎರಡು ಮದುವೆಗೆ ವೀಳ್ಯ ವಾಪಸ್ಸು ಕೊಡಬೇಕಾಯಿತು. ವಾಲಗದವನು ಹಿಡಿದ ವೀಳ್ಯ ಹಿಂದಿರುಗಿಸುವುದೆಂದರೆ ಹೆಂಡತಿ ಮಕ್ಕಳ ಎದುರು ತಲೆ ತಗ್ಗಿಸಿದಷ್ಟೇ ಅವಮಾನ. ಸುದ್ದಿ ಹಬ್ಬುವುದಕ್ಕೆ ತಡವೇ? ಒಂದು ಸಂಜೆ ಸೀತಾರಾಮ ಹೆಗಡೆಯವರು ಬಂದರು. ಅವರ ಮಗಳು ಅಭಿಜ್ಞಾಳ ಮದುವೆ ಮಾಘ ಕಳೆದು ಫಾಲ್ಗುಣಕ್ಕೆ ನಿಶ್ಚಯವಾಗಿತ್ತು, ವೀಳ್ಯ ಇವನಿಗೇ ಬಂದಿತ್ತು. ಹೆಗಡೆಯವರು ಒಳ್ಳೆಯವರು, ಅದಕ್ಕೇ ಮಾತು ತೆಗೆಯಲು ಅಷ್ಟು ಹೊತ್ತು ಕೆಮ್ಮಿದರು.

"ನಿಂಗೆ ಹುಷಾರಿಲ್ಲೆ ಹೇಳಿ ಕೇಳ್ದಿ. ಬೇಜಾರು ಮಾಡ್ಕ್ಯಳಡ ಮಾರಾಯಾ. ಆಗ್ತಿಲ್ಲೆ ಅಂದ್ರೆ ಈಗ್ಲೇ ಹೇಳು, ಆನು ಬೇರೆಯವಕ್ಕೆ ಹೇಳ್ತೆ."

"ಹೆಗಡೇರೆ, ಆ ಗಟ್ಟಿಮೇಳ ನಂದು," ಎಂದ ವೆಂಕಟ್ರಮಣ. ಎಂದಾದ ಮೇಲೆ ಅವನಿಗೇ ಭಯವಾಯಿತು. ಕೊಯ್ಸಿಕೊಳ್ಳದಿದ್ದರೆ ನೋವಿಗೆ ಗಟ್ಟಿಮೇಳ ಕಡಿಯುತ್ತದೆ, ಕೊಯ್ಸಿಕೊಂಡರೆ ಕಾಕಾನ ಹಾಗೆ ಉಸಿರು ಕಡಿಯುತ್ತದೆ. ಯಾವ ಕಡೆ ಹೋದರೂ ತಾಳವೇ ಗತಿ.

ಶಿರಸಿಯ ಡಾಕ್ಟರೇ ದಾರಿ ತೋರಿಸಿದರು. ಹುಬ್ಬಳ್ಳಿಯಲ್ಲಿ ಈಗ ಹೊಟ್ಟೆ ಕೊಯ್ಯದೆ, ಸಣ್ಣ ತೂತು ಹಾಕಿ, ಟೀವಿಯಲ್ಲಿ ನೋಡಿಕೊಂಡು ಪಿತ್ತಕೋಶ ತೆಗೆಯುತ್ತಾರೆ, ಲ್ಯಾಪ್ರೋಸ್ಕೋಪಿ ಎನ್ನುತ್ತಾರೆ, ಹೋಗಿ ಕೇಳು ಎಂದರು. ಹುಚ್ಚ ಕೇಳಿ ತಲೆ ಕೊಡವಿದ. "ಟೀವಿ ನೋಡ್ಕಂಡು ಆಪರೇಷನ್ನಂತೆ! ಆಮೇಲೆ ಕರೆಂಟ್ ಹೋದ್ರೆ?" ಎಂದ. ಎಕ್ಕಂಬಿಯ ಕರೆಂಟಿನ ಲೆಕ್ಕದಲ್ಲಿ ಅದು ನ್ಯಾಯವಾದ ಪ್ರಶ್ನೆಯೇ. ಪುಷ್ಯಮಾಸ ಬಂತು, ಪುಷ್ಯದಲ್ಲಿ ಯಾರೂ ಮದುವೆ ಇಟ್ಟುಕೊಳ್ಳುವುದಿಲ್ಲ. ವಾಲಗದವನಿಗೆ ಕಾಯಿಲೆ ಬೀಳಲು ಪುರುಸೊತ್ತು ಸಿಗುವುದೇ ಆಗ. ವೆಂಕಟ್ರಮಣ ಪರಿಮಳಾಳನ್ನು ಕರೆದುಕೊಂಡು ಹುಬ್ಬಳ್ಳಿ ಬಸ್ಸು ಹತ್ತಿದ.

ಅಲ್ಲಿಯ ಸರ್ಜನ್ ಡಾಕ್ಟರ್ ಶೈಲಾ. ಕಡ್ಡಿ ಮುರಿದ ಹಾಗೆ ಮಾತಾಡುವ ಹೆಂಗಸು. ಅವನ ಕಸುಬು, ಚಿಕ್ಕಪ್ಪನ ಕತೆ ಎರಡನ್ನೂ ಕೇಳಿ ತಿಳಿದು, ಮೊದಲು ಅವನ ಭಯವನ್ನೇ ಹಿಡಿದಳು.

"ನೋಡ್ರಿ, ನಿಮ್ಮ ಕಾಕಾಗ ಹೊಟ್ಟಿ ಸ್ನಾಯು ಅಡ್ಡ ಕೊಯ್ದಾರ. ನಾವು ಸ್ನಾಯು ಕೊಯ್ಯೂದಿಲ್ಲ, ಸಂದಿಮಾಡಿ ಒಳಗ ಹೋಗ್ತೀವಿ. ನಾಕು ಸಣ್ಣ ತೂತು. ಒಂದರಾಗ ಕ್ಯಾಮೆರಾ, ಉಳದದ್ದರಾಗ ಕತ್ರಿ, ಚಿಮ್ಮಟ. ಮೊದಲ ಹೊಟ್ಟಿಯೊಳಗ ಗಾಳಿ ಊದಿ ಉಬ್ಬಿಸ್ತೀವಿ, ಕೆಲಸ ಮಾಡಾಕ ಜಾಗಾ ಬೇಕಲ್ಲ."

ಊದುವುದು ಎಂದೊಡನೆ ವೆಂಕಟ್ರಮಣನ ಜೀವ ಎಚ್ಚರಾಯಿತು. "ಯಾರು ಊದೋದು?"

"ಮಶೀನ್ ಊದತೈತ್ರಿ."

"ಅದಕ್ಕೆ ಅಳತೆ ಗೊತ್ತಾಗ್ತದಾ? ಊದೋದ್ರಲ್ಲಿ ಹೆಚ್ಚಾಗೋದು ಭಾಳ ಸಸಾರ."

ಡಾಕ್ಟರ್ ನಕ್ಕಳು. ಆಮೇಲೆ ನಗು ನಿಲ್ಲಿಸಿ, ಒಳಗೆ ತೊಂದರೆ ಕಂಡರೆ, ರಕ್ತ ನಿಲ್ಲದಿದ್ದರೆ, ಹಳೆಯ ದಾರಿಯಲ್ಲೇ ಹೊಟ್ಟೆ ತೆರೆಯಬೇಕಾಗುತ್ತದೆ, ಬಹಳ ಮಂದಿಗೆ ಹಾಗಾಗುವುದಿಲ್ಲ, ಆದರೆ ಆಗುವುದೇ ಇಲ್ಲ ಎಂದು ಮಾತು ಕೊಡಲಾರೆ ಎಂದಳು. ಸುಳ್ಳು ಧೈರ್ಯ ಹೇಳದ ಆ ಮಾತೇ ವೆಂಕಟ್ರಮಣನಿಗೆ ಹಿಡಿಸಿತು. ಒಪ್ಪಿದ.

ಎಚ್ಚರಾದಾಗ ಅವನಿಗೆ ತಾನು ಎಲ್ಲಿದ್ದೇನೆ ಎಂಬುದಕ್ಕಿಂತ ಮೊದಲು ಬಲಪಕ್ಕೆಯ ನೆನಪಾಯಿತು. ಕಣ್ಣು ಇನ್ನೂ ಸರಿಯಾಗಿ ತೆರೆದಿರಲಿಲ್ಲ. ಕೈ ಹೊದಿಕೆಯ ಒಳಗೆ ಹೋಯಿತು. ಹುಚ್ಚ ಕಾಕಾನ ಹೊಟ್ಟೆಯ ಮೇಲಿನ ಆ ಗೇಣುದ್ದದ ಗೀಟು ಅವನಿಗೆ ಬಾಯಿಪಾಠ, ಎಲ್ಲಿ ಶುರು, ಎಲ್ಲಿ ಮುಗಿತಾಯ ಎಂದು. ಆ ಜಾಗವನ್ನು ಬೆರಳಿನಿಂದ ಮೆಲ್ಲಗೆ ತಡವುತ್ತಾ ಹೋದ. ಅಲ್ಲಿ ಒಂದು ಸಣ್ಣ ಪಟ್ಟಿ, ಇಲ್ಲಿ ಎರಡು, ಹೊಕ್ಕುಳ ಹತ್ತಿರ ಒಂದು. ನಡುವೆ ಎಲ್ಲ ಅವನದೇ ಚರ್ಮ, ಹಿಂದಿನ ದಿನ ಇದ್ದ ಹಾಗೇ. ಮೂಗಿನಲ್ಲಿ ನಳಿಗೆ ಇಟ್ಟುಕೊಂಡೇ ಅವನು ಅತ್ತ.

ಆ ಸಂತೋಷ ಮಾರನೆಯ ಬೆಳಗಿನವರೆಗೆ ಇತ್ತು. ಬೆಳಿಗ್ಗೆ ಹೆಗಲು ನೋಯತೊಡಗಿತು. ಹೊಟ್ಟೆಗೆ ಮಾಡಿದ ಆಪರೇಷನ್ನಿಗೆ ಹೆಗಲು ಏಕೆ ನೋಯಬೇಕೆಂದು ಕಂಗಾಲಾದ. ಊದಿದ ಗಾಳಿ ಸ್ವಲ್ಪ ಉಳಿದಿದೆ, ಎದ್ದು ಓಡಾಡಿದರೆ ಹೋಗುತ್ತದೆ ಎಂದರು. ಅದೂ ಸರಿ, ಓಡಾಡಿದ. ಆಮೇಲೆ ನರ್ಸಮ್ಮ ಒಂದು ಪ್ಲಾಸ್ಟಿಕ್ ಸಾಮಾನು ತಂದು ಕೈಗಿತ್ತಳು. ಮೂರು ಗೂಡು, ಒಂದೊಂದರಲ್ಲಿ ಒಂದು ಬಣ್ಣದ ಚೆಂಡು, ಬಾಯಿಗೆ ಹಿಡಿಯಲು ಕೊಳವೆ. ಆಪರೇಷನ್ ಆದವರು ಶ್ವಾಸಕೋಶಕ್ಕೆ ಕಫ ಕಟ್ಟದ ಹಾಗೆ ಇದರಲ್ಲಿ ಅಭ್ಯಾಸ ಮಾಡಬೇಕು, ಚೆಂಡು ಮೇಲೆ ಏರಬೇಕು ಎಂದಷ್ಟೇ ಹೇಳಿ ಪಕ್ಕದ ಮಂಚಕ್ಕೆ ಹೋದಳು.

ಕೊಳವೆ ಬಾಯಿಗೆ ಬಂದರೆ ವೆಂಕಟ್ರಮಣನ ಮನೆತನದವರು ಏನು ಮಾಡುತ್ತಾರೆ? ಊದುತ್ತಾರೆ. ಊದಿದ. ಒಂದು ಚೆಂಡೂ ಅಲುಗಲಿಲ್ಲ. ನೋವು ತಡೆದುಕೊಂಡು ಇನ್ನೂ ಜೋರಾಗಿ ಊದಿದ. ಇಲ್ಲ. ಎಷ್ಟೋ ಮದುವೆಗಳ ಚಪ್ಪರ ಹಾರಿಸಿದ ಉಸಿರಿಗೆ ಒಂದು ನೆಲ್ಲಿಕಾಯಿಯಷ್ಟು ಚೆಂಡು ಏಳುತ್ತಿಲ್ಲ. ಕೊಳವೆಯನ್ನು ಹಾಸಿಗೆಯ ಮೇಲಿಟ್ಟು, "ಪರಿಮಳಾ, ಹೋಯ್ತು," ಎಂದ. "ಕಾಕಾನ ಹಾಗೇ ಆಯ್ತು. ಹೆಗಡೇರಿಗೆ ಫೋನ್ ಮಾಡು."

ಪರಿಮಳಾ ಗಾಬರಿಯಿಂದ ನರ್ಸಮ್ಮನನ್ನು ಕರೆದಳು. ಅವಳು ಬಂದು ನೋಡಿ ಸೊಂಟಕ್ಕೆ ಕೈಕೊಟ್ಟು ನಕ್ಕಳು.

"ಊದಬ್ಯಾಡ್ರೀ ಅಜ್ಜಾರ, ಎಳೀರಿ! ಗಾಳಿ ಒಳಗ ಎಳಕೋಬೇಕು."

ಐವತ್ತೂ ಆಗದವನನ್ನು ಅಜ್ಜ ಎಂದಳಲ್ಲ ಎಂಬ ಸಿಟ್ಟೋ, ಉಸಿರು ಉಳಿದಿದೆ ಎಂಬ ಆಸೆಯೋ, ವೆಂಕಟ್ರಮಣ ಕೊಳವೆ ಹಿಡಿದು ಒಂದೇ ಎಳೆತ ಎಳೆದ. ಮೂರೂ ಚೆಂಡು ಟಕ್ಕನೆ ಹಾರಿ ತುದಿಗೆ ಅಂಟಿದವು. ಅಂಟಿದವು ಎಂದರೆ ಅಂಟಿಯೇ ನಿಂತವು. ಪಕ್ಕದ ಮಂಚದ ರೈತ ಎದ್ದು ಕೂತ. ಎದುರಿನ ಮಂಚದವರ ಮನೆಯವರು ಡಬ್ಬಿಯ ಮುಚ್ಚಳ ಕೈಯಲ್ಲೇ ಹಿಡಿದು ನೋಡಿದರು. ಸಾಕು ಬಿಡ್ರಿ, ಸಾಕು ಎಂದು ನರ್ಸಮ್ಮನೇ ಹೇಳಬೇಕಾಯಿತು. ಆ ದಿನ ರೌಂಡಿಗೆ ಬಂದ ಡಾಕ್ಟರ್ ಶೈಲಾಗೆ ಇಡೀ ವಾರ್ಡೇ ಸೇರಿ ಈ ಸುದ್ದಿ ಹೇಳಿತು.

ಮನೆಗೆ ಬಂದ ಮೇಲಿನದು ಬೇರೆ ಪಜೀತಿ. ಆಪರೇಷನ್ ಆದವರನ್ನು ನೋಡಲು ಹೋಗುವುದು ನಮ್ಮ ಕಡೆ ಬಿಡಲಾಗದ ಮರ್ಯಾದೆ. ರೋಗಿ ಗೋಡೆ ಕಡೆ ಮುಖ ಮಾಡಿ ಮಲಗಿರಬೇಕು, ಬಂದವರು ಬಿಸ್ಕಿಟ್ ಪೊಟ್ಟಣ ತಲೆದಿಂಬಿನ ಹತ್ತಿರ ಇಟ್ಟು ನಿಟ್ಟುಸಿರು ಬಿಡಬೇಕು, ಆಗಲೇ ಎರಡೂ ಕಡೆಗೆ ಸಮಾಧಾನ. ಇಲ್ಲಿ ಬಂದವರಿಗೆ ಮಂಚ ಖಾಲಿ. ರೋಗಿ ರಸ್ತೆ ಬದಿಯ ಅಂಗಡಿಯ ಕಟ್ಟೆಯ ಮೇಲೆ ಬೀರನ ಜೊತೆ ಹರಟೆ ಹೊಡೆಯುತ್ತಿದ್ದ. ನಾಗವೇಣಿಗೆ ನಾಚಿಕೆ. "ಬಂದವರು ಎಂತ ತಿಳ್ಕಳಬೇಕು? ಒಂದು ಘಳಿಗೆ ಆದ್ರೂ ಮಲ್ಕಳಿ ನೋಡುವ," ಎಂದು ಗಂಡನನ್ನು ಬೈದಳು. ಗಾಯ ನೋಡಲು ಬಂದವರು ಅಂಗಿ ಎತ್ತಿಸಿ ನೋಡಿ, ಮುಖ ಸಣ್ಣದು ಮಾಡಿಕೊಂಡರು. ಅಷ್ಟು ದೂರದಿಂದ ಬಂದದ್ದಕ್ಕೆ ಈ ಸೊಳ್ಳೆ ಕಚ್ಚಿದಂಥ ಗುರುತೇ? ಒಳಗೆ ಏನೂ ತೆಗೆದೇ ಇಲ್ಲ, ಮೇಲೆ ಪಟ್ಟಿ ಹಚ್ಚಿ ಕಳಿಸಿದ್ದಾರೆ ಎಂದು ಒಬ್ಬರು ತೀರ್ಪು ಕೊಟ್ಟರು. ಉಳಿದವರು ಅದನ್ನೇ ಹಂಚಿಕೊಂಡು ಹೋದರು.

ಹುಚ್ಚನೂ ಆ ಗುರುತುಗಳನ್ನು ನೋಡಿದ. ತನ್ನ ಅಂಗಿಯ ಮೇಲೆ ಬಲಪಕ್ಕೆಗೆ ಕೈಯಿಟ್ಟುಕೊಂಡೇ ನೋಡಿದ. "ಊದು, ಆಮೇಲೆ ನೋಡುವ," ಎಂದಷ್ಟೇ ಹೇಳಿ ಹೋದ.

ಒಂದು ತಿಂಗಳು ಶಹನಾಯಿ ಮುಟ್ಟಬೇಡಿ ಎಂದು ಡಾಕ್ಟರ್ ಹೇಳಿದ್ದಳು. ಮುಟ್ಟಲಿಲ್ಲ, ಆದರೆ ಆ ಚೆಂಡುಗಳ ಪೆಟ್ಟಿಗೆಯನ್ನು ಬಿಡಲೂ ಇಲ್ಲ. ಮಾಘದ ಕೊನೆಗೆ ಮೊದಲ ಸಲ ಊದಿದಾಗ ಸ್ವರ ನಡುಗಿತು. ಮರುದಿನ ಕಡಿಮೆ ನಡುಗಿತು. ಫಾಲ್ಗುಣದ ಹೊತ್ತಿಗೆ ಹಳೆಯ ವೆಂಕಟ್ರಮಣನೇ ಎಂದು ಬೀರ ಹೇಳಿದ. ಬೀರ ಯಾರಿಗೂ ಮುಖಸ್ತುತಿ ಮಾಡುವವನಲ್ಲ. ಆದರೂ ಮನೆಯಲ್ಲಿ ಊದುವುದು ಬೇರೆ, ಗಟ್ಟಿಮೇಳ ಬೇರೆ.

ಅಭಿಜ್ಞಾಳ ಮದುವೆಯ ಚಪ್ಪರ ಕಿಕ್ಕಿರಿದಿತ್ತು. ವಾಲಗದ ಮೂಲೆಯ ಕಡೆ ಯಾವತ್ತೂ ತಿರುಗದ ಜನ ಅವತ್ತು ಅದನ್ನೇ ನೋಡುತ್ತಿದ್ದರು. ಸೀತಾರಾಮ ಹೆಗಡೆಯವರು ಧಾರೆಗೆ ಕೂರುವ ಮುಂಚೆ ಎರಡು ಸಲ ಬಂದು, "ಅಡ್ಡಿಲ್ಲೆ ಅಲ್ದ?" ಎಂದು ಕೇಳಿ ಹೋದರು. ಪುರೋಹಿತರು ಕೈಯೆತ್ತಿದರು. ಗಟ್ಟಿಮೇಳ. ಬೀರನ ಡೋಲು ಎದ್ದಿತು, ಹುಚ್ಚನ ತಾಳ ಎದ್ದಿತು, ವೆಂಕಟ್ರಮಣ ಏರಿಸಿದ.

ಮದುಮಗ ಕರಿಮಣಿ ಸರ ಹಿಡಿದು ಕೈ ಹಿಂದೆ ಒಯ್ದ. ಸರದ ಕೊಂಡಿ ಮದುಮಗಳ ಜಡೆಗೆ ಸುತ್ತಿದ ಹೂವಿನ ದಂಡೆಯ ನೂಲಿಗೆ ಸಿಕ್ಕಿಕೊಂಡಿತು. ಅವನು ಎಳೆದ, ಇನ್ನಷ್ಟು ಸಿಕ್ಕಾಯಿತು. "ಎಳೆಯಡ, ಎಳೆಯಡ! ಸಿಕ್ಕಾಕ್ಯಂಡಿದ್ದು!" ಎಂದು ಹಿಂದೆ ನಿಂತ ಅತ್ತೆ ಕೂಗಿದಳು. ನಾಲ್ಕು ಹೆಂಗಸರು ನಾಲ್ಕು ಕಡೆಯಿಂದ ಬೆರಳು ಹಾಕಿದರು. ಎಂಟು ಕೈ ಸೇರಿದ ಮೇಲೆ ಯಾವ ಗಂಟು ಬಿಡುತ್ತದೆ? ವೀಡಿಯೋದವನು ಬಿಸಿ ದೀಪ ಹತ್ತಿರ ತಂದು ಅವರ ಕಣ್ಣನ್ನೇ ಕುಕ್ಕಿದ. ಪುರೋಹಿತರು ವಾಲಗದ ಕಡೆ ನೋಡಿ, ನಿಲ್ಲಿಸಬೇಡಿ ಎಂದು ಕೈಯಾಡಿಸುತ್ತಲೇ ಇದ್ದರು.

ಸಾಮಾನ್ಯ ಗಟ್ಟಿಮೇಳ ಮುಗಿಯುವ ಹೊತ್ತು ಕಳೆಯಿತು. ಅದರ ಎರಡರಷ್ಟು ಕಳೆಯಿತು. ಬೀರನ ತೋಳು ಸೋಲತೊಡಗಿತು, ಅವನು ವೆಂಕಟ್ರಮಣನ ಮುಖ ನೋಡಿದ. ವೆಂಕಟ್ರಮಣನ ಕೆನ್ನೆ ತುಂಬಿ ನಿಂತಿತ್ತು, ಮೂಗು ಎಳೆಯುತ್ತಿತ್ತು, ಹೊಟ್ಟೆ ಒತ್ತುತ್ತಿತ್ತು. ನೋವು ಬಂದೀತು ಎಂದು ಅವನು ಕಾದ. ಬರಲಿಲ್ಲ. ಆಗ ಅವನಿಗೆ ಗೊತ್ತಾಯಿತು, ಬರುವುದೇ ಇಲ್ಲ. ಹಾಗೆ ಗೊತ್ತಾದ ಮೇಲೆ ಸ್ವರವನ್ನು ಇನ್ನೊಂದು ಮೆಟ್ಟಿಲು ಏರಿಸಿದ. ಬೇಕಿರಲಿಲ್ಲ, ಸೊಕ್ಕಿಗೆ ಏರಿಸಿದ. ಅಕ್ಷತೆ ಹಿಡಿದ ಜನ ಮದುಮಕ್ಕಳನ್ನು ಬಿಟ್ಟು ಇತ್ತ ತಿರುಗಿದರು. ಕೊನೆಗೆ ಯಾರೋ ಹಲ್ಲಿನಿಂದ ನೂಲು ಕಡಿದರು, ಕೊಂಡಿ ಕೂತಿತು, ಅಕ್ಷತೆ ಸುರಿಯಿತು. ಒಂದಷ್ಟು ಅಕ್ಷತೆ ವಾಲಗದವರ ಮೇಲೂ ಬಿತ್ತು. ಕೈತಪ್ಪಿ ಬಿದ್ದದ್ದಲ್ಲ ಅದು, ಗುರಿಯಿಟ್ಟೇ ಎಸೆದದ್ದು.

ಊಟಕ್ಕೆ ಎಲೆ ಹಾಕುತ್ತಿದ್ದಾಗ ಹುಚ್ಚ ಅವನನ್ನು ಚಪ್ಪರದ ಹಿಂದಕ್ಕೆ ಕರೆದ. ಹೊಗಳುವನೇನೋ ಎಂದು ವೆಂಕಟ್ರಮಣ ಎದೆಯುಬ್ಬಿಸಿ ಹೋದ. ಹುಚ್ಚ ನೆಲ ನೋಡುತ್ತಾ ನಿಂತಿದ್ದ.

"ತಮ್ಮಾ, ಆ ಡಾಕ್ಟ್ರಮ್ಮ ಹಳೇ ಹೊಲಿಗೆ ಬಿಟ್ಟದ್ದನ್ನೂ ಮಾಡ್ತಾಳನ? ಹಿಂಗೇ, ತೂತು ಹಾಕಿ?"

ಮಾಡುತ್ತಿದ್ದಳು. ಸಡಿಲಾದ ಜಾಗಕ್ಕೆ ಒಳಗಿನಿಂದಲೇ ಒಂದು ಬಲೆ ಕೂರಿಸಿ ಭದ್ರ ಮಾಡಿದಳು. ವಯಸ್ಸಾದ ಮೈ, ಹಳೆಯ ಗಾಯ, ಅದಕ್ಕೆ ಬಹಳ ದಿನ ಹಿಡಿಯಿತು. ಹುಬ್ಬಳ್ಳಿಯಲ್ಲಿ ಅವನ ಕೈಗೂ ಚೆಂಡಿನ ಪೆಟ್ಟಿಗೆ ಕೊಟ್ಟಾಗ, ಪಕ್ಕದಲ್ಲಿದ್ದ ವೆಂಕಟ್ರಮಣ, "ಕಾಕಾ, ಊದಬೇಡ, ಎಳಿ," ಎಂದ. ಹುಚ್ಚ ಒಂದೇ ಚೆಂಡು ಎಬ್ಬಿಸಿದ. ಡಾಕ್ಟರ್ ಶೈಲಾ, ಸಾಕು, ಇನ್ನು ನಿಧಾನ ಎಂದಳು.

ಎರಡು ಸಾವಿರದ ಐದರಲ್ಲಿ ಪರಿಮಳಾಳ ಮದುವೆ. ಮಗಳ ಮದುವೆಯಲ್ಲಿ ಅಪ್ಪ ಧಾರೆ ಎರೆಯಬೇಕು, ಅವನೇ ಊದುತ್ತ ಕೂರುವಂತಿಲ್ಲ. ಬನವಾಸಿ ಕಡೆಯ ಮೇಳಕ್ಕೆ ಹೇಳೋಣವೆಂದು ಎಲ್ಲರೂ ಅಂದರು. ಬೇಡ, ಊದುವವನು ನಾನೇ ಎಂದವನು ಹುಚ್ಚ. ಅವನ ವಯಸ್ಸಿಗೆ ಇದು ಆಗುವ ಮಾತೇ ಎಂದು ನಾಗವೇಣಿ ಮರೆಯಲ್ಲಿ ಗೊಣಗಿದಳು. ಮುಹೂರ್ತ ಬಂತು. ನೀರಿನ ಗಿಂಡಿ ಹಿಡಿದು ನಿಂತ ವೆಂಕಟ್ರಮಣನಿಗೆ ಮಂತ್ರ ಕೇಳಿಸಲಿಲ್ಲ, ಮಗಳ ಮುಖವೂ ಸರಿಯಾಗಿ ಕಾಣಲಿಲ್ಲ, ಕಿವಿ ಎಲ್ಲ ಚಪ್ಪರದ ಮೂಲೆಯಲ್ಲಿತ್ತು. ಬೀರ ಡೋಲಿಗೆ ಪೆಟ್ಟು ಕೊಟ್ಟ. ಶಹನಾಯಿ ಎದ್ದಿತು. ನಡುವೆ ಒಂದು ಕಡೆ ಸ್ವರ ತೆಳುವಾಯಿತು, ನೂಲಿನಷ್ಟಾಯಿತು, ವೆಂಕಟ್ರಮಣ ತಾನೇ ಹೊಟ್ಟೆ ಒತ್ತಿ ನಿಂತ. ಕಡಿಯಲಿಲ್ಲ. ಮತ್ತೆ ತುಂಬಿಕೊಂಡು ಮೇಲೆದ್ದಿತು. ಮಾಂಗಲ್ಯ ಕಟ್ಟಿ ಮುಗಿದು, ಅಕ್ಷತೆ ಬಿದ್ದು, ಬೀರ ಡೋಲು ಕೆಳಗಿಟ್ಟ ಮೇಲೂ ಹುಚ್ಚ ಊದುವುದನ್ನು ನಿಲ್ಲಿಸಲಿಲ್ಲ, ಮತ್ತು ನಿಲ್ಲಿಸು ಎಂದು ಹೇಳಲು ಆ ಚಪ್ಪರದಲ್ಲಿ ಯಾರೂ ಹೋಗಲಿಲ್ಲ.